ಪಾಹುಣೆ ಪಟ್ಟಿಯಲ್ಲಿ ವಿಶ್ವನಾಥಪ್ಪ

ಮರಾಠಿ ಸೀಮೆಯ ಸಂಭಾಜಿನಗರದ ಗುಲಮಂಡಿ ಪೇಟೆಯಲ್ಲಿ ಐವತ್ತು ವರ್ಷ ತೊಗರಿಬೇಳೆ ಮಾರಿದ ವಿಶ್ವನಾಥಪ್ಪನವರಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಒಂದೇ ಆಸೆ ಉಳಿದಿತ್ತು. ಆಗಸ್ಟ್ ಹದಿನೈದಕ್ಕೆ ತಮ್ಮ ಫ್ಲಾಟುಗಳ ಸೊಸೈಟಿಯಲ್ಲಿ ಬಾವುಟ ಹಾರಿಸಬೇಕು. ಈ ಸಲ ಆ ಮಾನ ಜಿಲ್ಲೆಯಲ್ಲಿ ಎಲ್ಲರಿಗಿಂತ ಮೊದಲು ನೆಲೆಸಿದ ಮನೆತನಕ್ಕೆ ಎಂದು ಸೆಕ್ರೆಟರಿ ಪ್ರಭಾಕರ ನೋಟಿಸ್ ಹಚ್ಚಿದ್ದೇ ತಡ, ಇವರು ಬಿಳಿ ಜುಬ್ಬಾ ಹೊಲಿಸಿ ಗಂಜಿ ಹಾಕಿಸಿದರು. ಗಂಜಿ ಎಷ್ಟಾಯಿತೆಂದರೆ, ಜುಬ್ಬಾ ಗೋಡೆಗೆ ಒರಗಿಸಿದರೆ ತಾನೇ ನಿಲ್ಲುತ್ತಿತ್ತು. ಸೆಲ್ಯೂಟ್ ಹೊಡೆಯುವುದನ್ನೂ ಕಲಿಯತೊಡಗಿದರು. ಮೊದಲ ಸೆಲ್ಯೂಟಿಗೇ ಕನ್ನಡಕ ಹಾರಿ, ಹೆಂಡತಿ ಶಾಂತಾಬಾಯಿ ಸೋಸುತ್ತಿದ್ದ ಮೆಂತ್ಯಪಲ್ಲೆಯಲ್ಲಿ ಬಿತ್ತು.

ಮರುದಿನ ಇನ್ನೊಂದು ಪಟ್ಟಿ ಬಂತು. ಶಾಲು, ತೆಂಗಿನಕಾಯಿ ಕೊಟ್ಟು ಸತ್ಕರಿಸಬೇಕಾದ ಪರರಾಜ್ಯದ ಪಾಹುಣೆ, ಅಂದರೆ ಅತಿಥಿಗಳು. ಮೊದಲ ಹೆಸರೇ ಇವರದು.

"ನಾ ಪಾಹುಣೆ ಏನು? ನಮ್ಮಜ್ಜ ಭಾಲ್ಕಿಯಿಂದ ಬಂದಾಗ ಅದೂ ಇದೂ ನಿಜಾಮನ ರಾಜ್ಯದಾಗೇ ಇದ್ದವು. ಅಜ್ಜ ಕೂತಲ್ಲೇ ಕೂತಿದ್ದ. ರಾಜ್ಯನೇ ಎದ್ದು ಹೋಗ್ಯಾದ."

"ನನ್ನ ಮುಂದ ಒದರಿದ್ರ ಏನಾಗ್ತದ್ರಿ," ಎಂದರು ಶಾಂತಾಬಾಯಿ. "ಮೀಟಿಂಗ್‌ನಾಗ ಹೇಳ್ರಿ. ಆದ್ರ ಮಾತು ಉದ್ದ ಮಾಡಬ್ಯಾಡ್ರಿ, ಗೆದ್ದದ್ದು ಸೋಲ್ತೀರಿ."

ಹೆಂಡತಿಯ ಮಾತು ಕೇಳುವ ವ್ಯಾಪಾರಿ ಇನ್ನೂ ಹುಟ್ಟಬೇಕು. ಮೀಟಿಂಗ್‌ನಲ್ಲಿ ಅವರು ತಮ್ಮ ಗಟ್ಟಿ ಮರಾಠಿಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ಈ ಜಿಲ್ಲೆಗೆ ಬಂದದ್ದು ಯಾವ ಇಸವಿ ಎಂದು ಕೇಳಿದರು. ನಾಸಿಕ ಕಡೆಯ ಚಾಂದವಡದಿಂದ ಶೇಂದ್ರಾ ಕಾರ್ಖಾನೆಗೆ ಬಂದ ಪ್ರಭಾಕರ ೨೦೧೨ ಎಂದ. ಉಳಿದವರಲ್ಲಿ ತೀರ ಹಳಬರೆಂದರೆ ೧೯೭೨. "ನಮ್ಮದು ೧೯೩೧," ಎಂದರು ವಿಶ್ವನಾಥಪ್ಪ. ಅಲ್ಲಿಗೆ ಕೂತುಬಿಟ್ಟಿದ್ದರೆ ಬಾವುಟ ಅವರದೇ. ಆದರೆ ಗೆದ್ದವನ ನಾಲಿಗೆಗೆ ಲಗಾಮು ಎಲ್ಲಿ?

"ಫ್ಲಾಟ್ ಇರಲಿ, ಬಿಡಲಿ. ಈ ಜಾಗದಲ್ಲಿರುವ ಯಾರಾದರೂ ನಮಗಿಂತ ಹಳಬರಿದ್ದರೆ ಹೇಳಲಿ, ಈಗಲೇ ಹಿಂದೆ ಸರಿಯುತ್ತೇನೆ."

ಕುರ್ಚಿ ಹಾಕುತ್ತಿದ್ದ ವಾಚ್‌ಮನ್ ರಹೀಮುದ್ದೀನ್ ಹಿಂದಿನಿಂದ ಕೈ ಎತ್ತಿದ. "ಇಸವಿ ಗೊತ್ತಿಲ್ಲ ಸಾಹೇಬರೇ. ಇದೇ ಜಿಲ್ಲೆಯ ಖುಲ್ತಾಬಾದಿನ ದರ್ಗಾದ ಬಾಗಿಲಲ್ಲಿ ಹೂ ಮಾರುವ ಮನೆ ನಮ್ಮದು. ಹದಿನಾಲ್ಕು ತಲೆಮಾರಾಯಿತು."

ವಿಶ್ವನಾಥಪ್ಪ ಬೆರಳು ಮಡಿಚಿ ಎಣಿಸಿದರು. ಎರಡೂ ಕೈ ಸಾಲಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆದರೆ ಬೇಳೆ ವ್ಯಾಪಾರದಲ್ಲಿ ಒಮ್ಮೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡ ಮನೆತನವಲ್ಲ ಅದು. "ಹಾಗಾದರೆ ಬಾವುಟ ಇವನದು," ಎಂದರು. ಸೋತದ್ದಕ್ಕೆ ಬಡ್ಡಿಯನ್ನೂ ವಸೂಲು ಮಾಡಿದರು: "ಹದಿನಾಲ್ಕು ತಲೆಮಾರಿನ ಮುಂದೆ ನಾವೆಲ್ಲರೂ ಪಾಹುಣೆಯೇ. ಪ್ರಭಾಕರರೇ, ನಿಮ್ಮ ಹೆಸರೂ ಪಟ್ಟಿಗೆ ಬರೆಯಿರಿ."

ಹೀಗಾಗಿ ಹದಿನೈದರಂದು ನಲವತ್ತೆರಡು ಮನೆಯವರು ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅತಿಥಿಗಳಾಗಿ ಕೂತರು. ಅಷ್ಟು ಶಾಲು ಸಿಗದೆ ಅರ್ಧ ಮಂದಿಗೆ ಕರವಸ್ತ್ರ ಬಂತು. ಪ್ರಭಾಕರನಿಗೂ ಕರವಸ್ತ್ರವೇ.

ರಹೀಮುದ್ದೀನ್ ಹಗ್ಗ ಎಳೆದ, ಬಾವುಟ ಹಾರಿತು. ನಾಲ್ಕು ಮಾತು ಆಡು ಎಂದಾಗ ಮೈಕ್ ಹಿಡಿದ.

"ಎಲ್ಲಿಂದ ಬಂದೆ ಅಂತ ಎಲ್ಲರೂ ಕೇಳಿದ್ದಾರೆ," ಎಂದ. "ಎಷ್ಟು ಕಾಲದಿಂದ ಇದ್ದೀಯ ಅಂತ ಕೇಳಿದ್ದು ಇದೇ ಮೊದಲು."

ಅವನು ಕೆಲಸಕ್ಕೆ ಸೇರಿದ ದಿನ ಗೇಟಿನಲ್ಲಿ ನಿಲ್ಲಿಸಿ ಎಲ್ಲಿಂದ ಬಂದೆ ಎಂದು ಕೇಳಿದವರು ವಿಶ್ವನಾಥಪ್ಪನವರೇ. ಅವರ ಮುಖ ಕೆಂಪಾಯಿತು. ತೆಂಗಿನಕಾಯಿಯನ್ನು ಶಾಂತಾಬಾಯಿಯ ಕೈಗೆ ಕೊಟ್ಟು ಎದ್ದು ನಿಂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದರು.