ಅಕ್ಕೋರು ಕೂತ ಮೇಲಿನ ಅಳತೆ

೨೦೨೨ನೇ ಇಸವಿ, ಮಳೆಗಾಲ ಆಗಷ್ಟೇ ಮುಗಿದಿತ್ತು. ಹೊನ್ನಾವರದಲ್ಲಿ ಹೆದ್ದಾರಿಗೆ ತಾಗಿದ ನನ್ನ ಸ್ವಂತ ವ್ಹೀಲ್ ಅಲೈನ್‌ಮೆಂಟ್ ಶೆಡ್ಡಿಗೆ ಅದು ಹದಿನಾಲ್ಕನೆಯ ವರ್ಷ. ಅದಕ್ಕೂ ಮೊದಲು ಹನ್ನೊಂದು ವರ್ಷ ಭಟ್ಕಳದ ತೆಂಗಿನಗುಂಡಿಯಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನ್ ಮಿಸ್ತ್ರಿಯಾಗಿದ್ದೆ. ಬೋಟು ಬಿಟ್ಟು ಕಾರಿಗೆ ಬಂದದ್ದು ಕಂಪ್ಯೂಟರ್ ಮೆಷಿನ್ನಿನ ಮೋಹಕ್ಕೆ ಎಂದರೂ ಸುಳ್ಳಲ್ಲ. ಕುಮಟೆಯಿಂದ ಭಟ್ಕಳದವರೆಗೆ ಅಲೈನ್‌ಮೆಂಟ್ ಅಂದರೆ ಮಾದೇವ ಮಿಸ್ತ್ರಿ ಎಂದು ಜನ ಹೇಳುತ್ತಿದ್ದರು. ಹೇಳದವರಿಗೆ ನಾನೇ ಹೇಳುತ್ತಿದ್ದೆ.

ಗಿಡ್ಡ ಸ್ಪ್ರಿಂಗ್ ಹಾಕಿಸಿ ನೆಲಕ್ಕೆ ಇಳಿಸಿದ ಕಾರುಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಹಂಪ್ ಬಂದರೆ ಅಡ್ಡಡ್ಡ ಹತ್ತಿಸಬೇಕು, ಹೊಂಡ ಬಂದರೆ ದೇವರನ್ನು ನೆನೆಯಬೇಕು. ಅಂಥ ಒಂದು ಬಿಳಿ ಕಾರು ಆ ದಿನ ಬೆಳಿಗ್ಗೆ ಶೆಡ್ಡಿನ ಅಂಗಳಕ್ಕೆ ಬಂಪರ್ ಉಜ್ಜಿಸಿಕೊಂಡೇ ಬಂತು. ಒಳಗಿದ್ದವರು ಯಾರೆಂದು ನೋಡುವ ಮೊದಲೇ ನಾನು ಕೂಗಿದೆ: "ಎಂತ ತಮ್ಮಾ, ಕಾರಿನ ಕಾಲು ಕತ್ತರಿಸಿದವ್ರು ಯಾರು?"

ಬಾಗಿಲು ತೆರೆಯಿತು. ಮೊದಲು ಮಡಚಿದ ಗಾಲಿಕುರ್ಚಿ ಹೊರಬಂತು. ಆಮೇಲೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಕಾರಿನ ಸೀಟಿಗೂ ಕುರ್ಚಿಗೂ ನಡುವೆ ನುಣ್ಣನೆಯ ಹಲಗೆಯೊಂದನ್ನು ಇಟ್ಟು, ಎರಡು ಕೈ ಊರಿ ಜಾರಿ ಬಂದು ಕೂತರು.

"ನಾನೇ ಕತ್ತರ್ಸಿದ್ದು ಮಿಸ್ತ್ರಿ. ನನ್ನ ಕಾಲಿಗೆ ಜೋಡಿ ಆಗ್ಲಿ ಹೇಳಿ" ಎಂದರು, ನಗುತ್ತಲೇ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಸುಮಿತ್ರಾ ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಮ್ಮನನ್ನು ಅಕ್ಕೋರು ಎನ್ನುತ್ತೇವೆ. ಮನೆ ಮಂಕಿಯಲ್ಲಿ, ಗಣಿತ ಕಲಿಸುವುದು ಹಿರೇಗುತ್ತಿಯ ಹೈಸ್ಕೂಲಿನಲ್ಲಿ. ಎಂಟು ವರ್ಷದ ಹಿಂದೆ ಅಪಘಾತವಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿತ್ತು. ಕಾರನ್ನು ಕೈಯಲ್ಲೇ ಓಡಿಸುತ್ತಿದ್ದರು: ಎಡಗೈಯ ಲಿವರ್ ಎಳೆದರೆ ಓಟ, ನೂಕಿದರೆ ಬ್ರೇಕ್. ಸ್ಟೀರಿಂಗಿಗೆ ಉಳಿಯುವುದು ಬಲಗೈ ಒಂದೇ. ಕಾಗದಪತ್ರವೆಲ್ಲ ಸರಿಯಾಗಿತ್ತು, ನಾನೇ ನೋಡಿದೆ. ಮೊದಲು ಕಾರಿನ ಸೀಟು ಗಾಲಿಕುರ್ಚಿಗಿಂತ ಮೂರು ಬೆರಳು ಎತ್ತರವಿತ್ತಂತೆ. ಹಾಗಾಗಿ ಬೆಳಿಗ್ಗೆ ತಮ್ಮ ಎತ್ತಿ ಕೂರಿಸಬೇಕು, ಶಾಲೆಯಲ್ಲಿ ಮಾಸ್ತರುಗಳು ಎತ್ತಿ ಇಳಿಸಬೇಕು. ಕಾರನ್ನು ನಲವತ್ತೈದು ಮಿಲಿಮೀಟರ್ ಇಳಿಸಿದ ಮೇಲೆ ಎರಡೂ ಸೀಟು ಸಮವಾದವು. ಯಾರ ಹಂಗೂ ಬೇಡವಾಯಿತು.

ಆದರೆ ಇಳಿಸಿದ ಕಾರು ನೇರ ಹೋಗುತ್ತಿರಲಿಲ್ಲ. ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ಅಲೆಯುತ್ತಿತ್ತು. ಮುಂದಿನ ಟೈರುಗಳ ಒಳಅಂಚು ಐದು ಸಾವಿರ ಕಿಲೋಮೀಟರಿಗೇ ಬೋಳಾಗಿತ್ತು. ಎರಡು ಗ್ಯಾರೇಜಿನವರು ಆಗಲೇ ಕೈಚೆಲ್ಲಿದ್ದರು.

ನನ್ನ ಶೆಡ್ಡಿನಲ್ಲಿ ಒಂದು ಬೋರ್ಡು ಇತ್ತು: ಗ್ರಾಹಕರು ಒಳಗೆ ಬರಬಾರದು. ಅದರ ಪ್ರಕಾರ ಅವರನ್ನು ಹೊರಗೆ ನೆರಳಲ್ಲಿ ಕೂರಿಸಿ, ಅವರ ಪುಸ್ತಕದ ಚೀಲವನ್ನೂ ಇಳಿಸಿ, ಕಾರನ್ನು ನಾನೇ ಕೆಳಗಿಳಿದು ಕೆಲಸ ಮಾಡುವ ಪಿಟ್ಟಿನ ಮೇಲೆ ತಂದೆ. ಬಂಪರ್ ತಾಗದಂತೆ ಕೆಳಗೆ ಹಳೇ ಬೋಟಿನ ಹಲಗೆ ಕೊಟ್ಟೆ. ಮೊದಲು ಟೈರಿನ ಗಾಳಿ, ಆಮೇಲೆ ಕ್ಯಾಂಬರ್, ಕೊನೆಗೆ ಟೋ. ಕ್ಯಾಂಬರ್ ಎಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು. ಟೋ ಎಂದರೆ ನಾವು ನಿಂತಾಗ ಪಾದದ ಬೆರಳು ಒಳಗೆ ತಿರುಗಿದೆಯೋ ಹೊರಗೋ ಎಂಬಂತೆ ಮುಂದಿನ ಚಕ್ರಗಳ ದಿಕ್ಕು. ಅದು ಹೊರಗೆ ತಿರುಗಿದರೆ ಕಾರು ಅಲೆಯುತ್ತದೆ. ಎಲ್ಲ ಹೊಂದಿಸಿದೆ. ಪ್ರತಿ ಚಕ್ರಕ್ಕೂ ಟೋ ೦.೦೫ ಡಿಗ್ರಿ ಒಳಗೆ. ಸ್ಕ್ರೀನ್ ತುಂಬ ಹಸಿರು. ಪ್ರಿಂಟ್ ತೆಗೆದು, ರ್‍ಯಾಂಕ್ ಬಂದವನ ಮಾರ್ಕ್ಸ್‌ಕಾರ್ಡ್ ಥರ ಅವರ ಕೈಗಿಟ್ಟೆ.

ವಾರಕ್ಕೆ ವಾಪಸು ಬಂದರು, ಕಾರು ಇನ್ನೂ ಅಲೆಯುತ್ತಿದೆ ಎಂದು. ಕ್ಯಾಂಬರ್ ಬೋಲ್ಟ್ ಹೊಸದು ಹಾಕಿ ಮತ್ತೆ ಹಸಿರು ಮಾಡಿ ಕಳಿಸಿದೆ. ಇನ್ನೊಂದು ವಾರಕ್ಕೆ ಮೂರನೇ ಸಲ ಬಂದಾಗ ಮುಖದಲ್ಲಿ ನಗು ಇರಲಿಲ್ಲ.

"ಆಯ್ತವಾರ ತಮ್ಮ ಹಳೇ ಸ್ಪ್ರಿಂಗ್ ವಾಪಸ್ ಹಾಕಿಸ್ತೆ ಅಂತ ಹೇಳ್ತ. ಅವ್ನಿಗೆ ಹೆದ್ರಿಕೆ. ತಪ್ಪು ಹೇಳೂಕೆ ಬರೂದಿಲ್ಲ. ಆದ್ರೆ ಮತ್ತೆ ನನ್ನ ಮೂಟೆ ಎತ್ತಿದಾಂಗೆ ಎತ್ತೂದು... ಅದು ನಂಗೆ ಬ್ಯಾಡ ಮಿಸ್ತ್ರಿ."

ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. "ನಾ ಓಡ್ಸಿ ನೋಡಿದ್ದೆ ಅಕ್ಕೋರೇ. ಎಂತ ತೊಂದ್ರೆನೂ ಇಲ್ಲ" ಎಂದೆ.

"ಎಷ್ಟು ಕೈಲಿ ಓಡ್ಸಿದ್ರಿ?"

ನಾನು ನನ್ನ ಎರಡೂ ಕೈ ನೋಡಿಕೊಂಡೆ.

"ಬದಿಗೆ ಕೂತ್ಕಳಿ" ಎಂದರು. ಗಾಲಿಕುರ್ಚಿಯನ್ನು ಹಿಂದಿನ ಸೀಟಿಗೆ ದಾಟಿಸಿ ನಾನು ಎಡಕ್ಕೆ ಕೂತೆ. ಶರಾವತಿ ಸೇತುವೆಯ ಮೇಲೆ ಕಡಲಗಾಳಿ ಅಡ್ಡ ಬೀಸುತ್ತಿತ್ತು. ನಾನು ರಸ್ತೆ ನೋಡಲಿಲ್ಲ, ಅವರ ಬಲಗೈ ನೋಡಿದೆ. ಆ ಕೈಗೆ ಒಂದು ಕ್ಷಣ ಬಿಡುವಿರಲಿಲ್ಲ. ಎಡಕ್ಕೆ ಚೂರು, ಬಲಕ್ಕೆ ಚೂರು, ಮುಂಗೈಯ ನರ ಉಬ್ಬಿ ನಿಂತಿತ್ತು. ದಿನಕ್ಕೆ ಎರಡು ಸಲ, ಹೋಗುವಾಗ ಐವತ್ತು ಕಿಲೋಮೀಟರ್, ಬರುವಾಗ ಐವತ್ತು. ಎರಡು ಕೈಯಲ್ಲಿ ಓಡಿಸುವವನಿಗೆ ಆ ಅಲೆದಾಟ ಗೊತ್ತೇ ಆಗುವುದಿಲ್ಲ. ನನಗೂ ಆಗಿರಲಿಲ್ಲ.

ತಲೆ ತಗ್ಗಿಸಿ ಆಚೆ ನೋಡಿದೆ. ಸೇತುವೆಯ ಕೆಳಗೆ ಬೋಟೊಂದು ಅಳಿವೆಯ ಕಡೆ ಹೊರಟಿತ್ತು. ಅದನ್ನು ಕಂಡದ್ದೇ ತೆಂಗಿನಗುಂಡಿಯಲ್ಲಿ ನನಗೆ ಕೆಲಸ ಕಲಿಸಿದ ಇಬ್ರಾಹಿಂ ಮಿಸ್ತ್ರಿ ನೆನಪಾದರು. ದಡಕ್ಕೆ ಎಳೆದ ಬೋಟಿನಲ್ಲಿ ಇಂಜಿನ್ನಿಗೂ ನೀರೊಳಗೆ ತಿರುಗುವ ಫ್ಯಾನಿಗೂ ನಡುವಿನ ಶಾಫ್ಟನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದಂತೆ ಜೋಡಿಸಿ ನಾನು ಬೀಗುತ್ತಿದ್ದಾಗ ಅವರು ಹೇಳುತ್ತಿದ್ದ ಮಾತು: "ದಡದಾಗೆ ನಿಂತ ಬೋಟು ಬೇರೆ, ನೀರಾಗೆ ಕೂತ ಬೋಟು ಬೇರೆ. ಇಳಿದ ಮೇಲೆ ಅಳತೆ ಹಿಡಿಯೋ." ನೀರಿಗಿಳಿದಾಗ ಬೋಟಿನ ಮೈ ಒಂಚೂರು ಬಾಗುತ್ತದೆ, ಶಾಫ್ಟಿನ ಸಾಲು ತಪ್ಪುತ್ತದೆ. ಕೊನೆಯ ಅಳತೆ ಯಾವತ್ತೂ ನೀರಿನಲ್ಲೇ. ಹನ್ನೊಂದು ವರ್ಷ ತಪ್ಪದೆ ಪಾಲಿಸಿದ್ದನ್ನು ಒಂದು ಹಸಿರು ದೀಪ ಮರೆಸಿಬಿಟ್ಟಿತ್ತು. ಅಕ್ಕೋರ ಕಾರನ್ನು ನಾನು ಎರಡು ವಾರದಿಂದ ದಡದಲ್ಲೇ ಅಳೆಯುತ್ತಿದ್ದೆ.

"ತಿರುಗ್ಸಿ ಅಕ್ಕೋರೇ, ಶೆಡ್ಡಿಗೆ ಹೋಗ್ವ" ಎಂದೆ.

ಬೋರ್ಡು ಕಿತ್ತು ಗೋಡೆಗೆ ಒರಗಿಸಿದೆ. ಹಲಗೆ ಇಟ್ಟೆ. "ನೀವೇ ಹತ್ತಿಸಿ. ಇಳೀಬ್ಯಾಡಿ. ದಿನಾ ಎಂತೆಲ್ಲ ಇರ್ತದ್ಯೋ ಅದೆಲ್ಲ ಇರ್ಲಿ." ಎಡಸೀಟಿನಲ್ಲಿ ಗಾಲಿಕುರ್ಚಿ, ಹಿಂದೆ ಪುಸ್ತಕದ ಚೀಲ, ಸ್ಟೀರಿಂಗ್ ಹಿಂದೆ ಅಕ್ಕೋರು. ಮೆಷಿನ್ ಹಚ್ಚಿದೆ. ಒಳಗೆ ೦.೦೫ ಇದ್ದ ಟೋ ಎರಡೂ ಚಕ್ರದಲ್ಲಿ ಹೊರಗೆ ೦.೨೫ ಆಗಿತ್ತು. ಸ್ಕ್ರೀನ್ ಕೆಂಪು.

ಕಾರಣ ಇಷ್ಟೇ. ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡ್ ಎಂಬ ಸರಳು ಕಂಪನಿಯ ಎತ್ತರದಲ್ಲಿ ಹೆಚ್ಚುಕಡಿಮೆ ಅಡ್ಡಕ್ಕೆ ಸಮವಾಗಿರುತ್ತದೆ, ಕಾರು ಸ್ವಲ್ಪ ಕುಸಿದರೂ ಟೋ ಅಷ್ಟಾಗಿ ಬದಲಾಗುವುದಿಲ್ಲ. ಇಳಿಸಿದ ಕಾರಿನಲ್ಲಿ ಅದು ಮೊದಲೇ ಓರೆ. ಮೇಲೆ ಮನುಷ್ಯರು ಕೂತು ಇನ್ನೊಂದು ಬೆರಳು ಕುಸಿದರೆ ಸಾಕು, ಚಕ್ರದ ಹಿಂಭಾಗವನ್ನು ಒಳಕ್ಕೆ ಎಳೆದು ಮುಂಭಾಗವನ್ನು ಹೊರಕ್ಕೆ ತಿರುಗಿಸುತ್ತದೆ.

ನಾನು ಪಿಟ್ಟಿಗೆ ಇಳಿದೆ. ಸ್ಕ್ರೀನ್ ಅಕ್ಕೋರ ಎದುರಿಗೇ ಇತ್ತು. ಅವರು ಅಂಕಿ ಓದಿ ಹೇಳುವುದು, ನಾನು ಕೆಳಗೆ ಸ್ಪ್ಯಾನರ್ ತಿರುಗಿಸುವುದು.

"ಎಡಕ್ಕೆ ಸೊನ್ನೆ ಬಿಂದು ಒಂದು, ಒಳಗೆ. ಜಾಸ್ತಿ ಆತು, ಅರ್ಧ ವಾಪಸ್ ಬನ್ನಿ. ಹಾಂ. ಬಲಕ್ಕೆ ನೋಡಿ ಈಗ."

ಎರಡು ತಾಸು ಹೀಗೇ ನಡೆಯಿತು. ಲೆಕ್ಕ ತಪ್ಪಿದಾಗ ಕಪ್ಪುಹಲಗೆಯ ಮುಂದೆ ನಿಲ್ಲಿಸಿದ ಹಾಗೆ ಗದರಿದ್ದೂ ಉಂಟು. ಕೊನೆಗೆ ಅವರು ಕೂತಂತೆಯೇ ಎರಡೂ ಬದಿ ೦.೦೫ ಬಂತು. ಹಸಿರು. ಪರೀಕ್ಷೆಗೆಂದು ಅವರನ್ನೂ ಕುರ್ಚಿಯನ್ನೂ ಇಳಿಸಿ ನೋಡಿದೆ: ಖಾಲಿ ಕಾರಿಗೆ ಒಳಗೆ ೦.೩೫. ಸ್ಕ್ರೀನ್ ಕೆಂಪು. ಹದಿನಾಲ್ಕು ವರ್ಷದಲ್ಲಿ ಕೆಂಪು ತೋರಿಸುವ ಕಾರನ್ನು ನಾನು ಶೆಡ್ಡಿನಿಂದ ಹೊರಗೆ ಬಿಟ್ಟವನಲ್ಲ. ಆ ದಿನ ಬಿಟ್ಟೆ, ಎದೆ ಉಬ್ಬಿಸಿಯೇ ಬಿಟ್ಟೆ.

ಮತ್ತೆ ಸೇತುವೆಗೆ ಹೋದೆವು. ಗಾಳಿ ಹಾಗೇ ಇತ್ತು. ಅಕ್ಕೋರ ಬಲಗೈ ಸ್ಟೀರಿಂಗ್ ಮೇಲೆ ಸುಮ್ಮನೆ ಕೂತಿತ್ತು. ಸೇತುವೆ ಮುಗಿಯುವವರೆಗೆ ಅದು ಅಲುಗಲಿಲ್ಲ. ಹೊಳೆಯಾಚೆ ಕಾಸರಕೋಡಿನ ದಡ ಮುಟ್ಟಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಆತು."

ನನ್ನ ಕಣ್ಣು ಒದ್ದೆಯಾಯಿತು. ಕಿಟಕಿ ಏರಿಸಿ ಗಾಳಿಯ ಮೇಲೆ ತಪ್ಪು ಹಾಕಿದೆ.

ಈಗ ನನ್ನ ಶೆಡ್ಡಿಗೆ ಯಾರೇ ಬಂದರೂ ಮೊದಲ ಪ್ರಶ್ನೆ, "ಈ ಕಾರಲ್ಲಿ ದಿನಾ ಯಾರ್‍ಯಾರು ಕೂರ್ತ್ರಿ?" ಕೆಲವರು ನಗುತ್ತಾರೆ, ಕೆಲವರು ಹೆಂಡತಿಯ ತೂಕ ಹೇಳಲು ಹೆದರುತ್ತಾರೆ. ಬೋರ್ಡನ್ನು ಮತ್ತೆ ಹಾಕಲಿಲ್ಲ. ಮೆಷಿನ್ ಹೇಳುವುದು ನಿಂತ ಕಾರಿನ ಸತ್ಯ, ಓಡುವ ಕಾರಿನ ಸತ್ಯ ಓಡಿಸುವವರ ಕೈಯಲ್ಲಿ ಇರುತ್ತದೆ. ಅದನ್ನು ಕೇಳದೆ ಅಳೆಯಬಾರದು ಎಂಬುದನ್ನು ನಾನು ಎರಡೆರಡು ಸಲ ಕಲಿತೆ, ಒಮ್ಮೆ ನೀರಿನ ಮೇಲೆ, ಒಮ್ಮೆ ನೆಲದ ಮೇಲೆ.

ನಾಲ್ಕು ತಿಂಗಳ ನಂತರ ಅಕ್ಕೋರು, ಆಗ ಹಾಕಿಸಿದ ಹೊಸ ಟೈರ್ ತೋರಿಸಲು ಬಂದರು. ಒಳಅಂಚು, ಹೊರಅಂಚು ಎರಡೂ ಒಂದೇ ಸಮ. ಹೊರಡುವಾಗ ಡಿಕ್ಕಿ ತೆಗೆಯಲು ಹೇಳಿದರು. ಒಳಗೆ ಕಾರಿನ ನಾಲ್ಕು ಹಳೇ ಸ್ಪ್ರಿಂಗುಗಳು.

"ತಮ್ಮನೇ ಅಟ್ಟದಿಂದ ಇಳ್ಸಿಕೊಟ್ಟ. ನಿಮ್ಮತ್ರವೇ ಇರ್ಲಿ ಅಂದ."

ಅವು ಈಗಲೂ ಶೆಡ್ಡಿನ ಬಾಗಿಲ ಬಳಿಯೇ ಇವೆ. ಉಪ್ಪುಗಾಳಿಗೆ ತುಕ್ಕು ಹಿಡಿದಿವೆ. ಗುಜರಿಯವನು ಎರಡು ಸಲ ಕೇಳಿದ. ಕೊಡಲಿಲ್ಲ.