ಕಣ್ಣೀರು ಬೀಳಬಾರದ ಮೇಜು

ಗಂಡನನ್ನು ಮಣ್ಣು ಮಾಡಿ ಬಂದ ಮೇಲಿನ ಮೊದಲ ಕೆಲಸದ ದಿನ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಬಾಗಿಲಲ್ಲಿ ಆಕೆ ಅವನ ಉಣ್ಣೆಯ ಸ್ವೆಟರನ್ನು ಬಿಚ್ಚಿ ಮೊಳೆಗೆ ತಗುಲಿಸುತ್ತಾಳೆ. ಒಳಗೆ ಉಣ್ಣೆ ಕೂಡದು. ಒಂದು ಎಳೆ ಉದುರಿದರೂ ಕೊಳಚೆಯ ಪ್ರೋಟೀನ್ ಲೆಕ್ಕದಲ್ಲಿ ಕುರಿ ಬಂದು ಕೂರುತ್ತದೆ.

ವಿಶ್ವವಿದ್ಯಾಲಯದಲ್ಲಿ ಓದಿದ ಆಕೆಗೆ ಸಿಕ್ಕಿದ್ದು ಕೊಳಚೆನೀರಿನ ಕೆಸರಿನ ಕೆಲಸ. ಅದರಲ್ಲಿ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳು ಒಟ್ಟಿಗೆ ಬಾಳುತ್ತವೆ. ಅವನ್ನು ಒಡೆದು, ಪ್ರೋಟೀನ್ ತೆಗೆದು, ತೊಳೆದು, ತುಂಡರಿಸಿ ಕೊಟ್ಟರೆ ಯಾವುದು ಏನು ಕೆಲಸ ಮಾಡುತ್ತಿತ್ತೆಂದು ಪಕ್ಕದ ಕೋಣೆಯ ಯಂತ್ರ ಓದುತ್ತದೆ. ಇದೆಲ್ಲ ನಡೆಯುವುದು ಬೆಂಕಿಪೆಟ್ಟಿಗೆಯಷ್ಟಗಲದ ಗಾಜಿನ ಬಿಲ್ಲೆಯೊಳಗೆ, ಕೂದಲೆಳೆಯಂಥ ಕಾಲುವೆಗಳಲ್ಲಿ. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಮಾದರಿ ಹಾಳು. ಗುಳ್ಳೆ ಬಿಡಿಸುವುದರಲ್ಲಿ ಎತ್ತಿದ ಕೈ ಎಂದು ಎಲ್ಲರಿಗೂ ಆಕೆ ‘ಗುಳ್ಳೆ ಅಕ್ಕ’. ವರದಿಗಳಲ್ಲಿ ಯಂತ್ರದ ಹೆಸರಿರುತ್ತದೆ, ಅಕ್ಕನದು ಇರುವುದಿಲ್ಲ.

ಕೊಳಚೆ ತೊಟ್ಟಿಯಿಂದ ಕೆಸರು ತರುತ್ತಿದ್ದವನು ಗಂಡ. ಅದೇ ತೊಟ್ಟಿಯ ವಿಷಗಾಳಿಗೆ ಸತ್ತ. ತೊಟ್ಟಿಗೀಗ ಬೀಗ ಬಿದ್ದಿದೆ. ಸಾಯುವ ಹಿಂದಿನ ದಿನ ಅವನು ತಂದ ಸೀಸೆಯಲ್ಲಿ ತಳಕ್ಕಂಟಿದಷ್ಟು ಕೆಸರು ಉಳಿದಿದೆ. ಅದು ಕೆಟ್ಟರೆ ಮತ್ತೆ ಸಿಗದು.

“ಇವತ್ತೇ ಯಾಕಮ್ಮಾ? ಬೇರೆಯವರು ಮಾಡ್ತಾರೆ,” ಎನ್ನುತ್ತಾರೆ ಮೇಲ್ವಿಚಾರಕರು.

“ಬೇರೆಯವರು ಮಾಡಿದ್ರೆ ಗುಳ್ಳೆ ಬರುತ್ತೆ ಸರ್.”

“ಅಳು ಬಂದ್ರೆ?”

“ಕಣ್ಣೀರಲ್ಲೂ ಪ್ರೋಟೀನ್ ಇದೆ. ಆಚೆ ಹೋಗಿ ಅಳ್ತೀನಿ.”

ಕಾಲುವೆಯ ಎರಡನೇ ತಿರುವಿನಲ್ಲಿ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ಆಕೆ ಪಂಪು ನಿಲ್ಲಿಸುತ್ತಾಳೆ. “ದಬ್ಬಿದ್ರೆ ಒಂದು ಗುಳ್ಳೆ ಒಡೆದು ಹತ್ತಾಗುತ್ತೆ. ಹಿಂದಕ್ಕೆ ಎಳೆದು ದಾರಿ ಬಿಡ್ಬೇಕು.” ಉಸಿರು ಬಿಗಿಹಿಡಿದು ಕಾಯುತ್ತಾಳೆ. ಗುಳ್ಳೆ ಇರುವೆಯಂತೆ ಹಿಂದೆ ಸರಿದು, ಬಂದ ಬಾಯಿಂದಲೇ ಹೊರಬೀಳುತ್ತದೆ. ಕೆಸರು ಉಳಿಯುತ್ತದೆ.

ಸಂಜೆಗೆ ಯಂತ್ರ ಓದಿ ಮುಗಿಸುತ್ತದೆ. ಸೂಕ್ಷ್ಮಜೀವಿಗಳ ನಡುವೆ ಮನುಷ್ಯರ ಚರ್ಮದ ಪ್ರೋಟೀನೂ ಇದೆ. ಗಂಡನಿಗೆ ಕೈಗವಸೆಂದರೆ ಅಲರ್ಜಿ. “ನಿನ್ನ ಚರ್ಮಾನೂ ನಾನೇ ಎಣಿಸ್ಬೇಕಾ?” ಎಂದು ಆಕೆ ಗದರಿದರೆ, “ಎಣಿಸು, ಯಾವತ್ತಾದ್ರೂ ಬೇಕಾಗುತ್ತೆ,” ಎಂದು ನಗುತ್ತಿದ್ದ.

“ಅವನದೇ ಅಂತ ಹೇಳೋಕಾಗಲ್ಲ. ನನ್ನದೂ ಇರಬಹುದು,” ಎಂದು ಮೇಲ್ವಿಚಾರಕರಿಗೆ ಹೇಳುತ್ತಾಳೆ. ಚರ್ಮವನ್ನು ಲೆಕ್ಕದಿಂದ ತೆಗೆಯುವುದು ನಿಯಮ. ಆಕೆ ತೆಗೆಯುತ್ತಾಳೆ.

ಮನೆಗೆ ಹೋಗುವ ದಾರಿಯಲ್ಲಿ ಮೀನಂಗಡಿ. ಪ್ರಯೋಗಾಲಯದ ಐಸ್ ಪೆಟ್ಟಿಗೆಯ ಮುಚ್ಚಳ ಮುರಿದಾಗ ಗಂಡ ಎರವಲು ತಂದದ್ದು ಇಲ್ಲಿಯ ಪೆಟ್ಟಿಗೆಯನ್ನೇ. ಆಕೆ ಅದನ್ನು ತಂದು ಅಂಗಡಿಯ ಹಲಗೆಯ ಮೇಲಿಡುತ್ತಾಳೆ.

“ನಿನ್ನ ಗಂಡ ಕೊಳಚೆ ಹೊತ್ತ ಪೆಟ್ಟಿಗೇಲಿ ಮೀನಿಟ್ರೆ ಯಾರು ಕೊಳ್ತಾರೆ ಮಗಳೇ? ನೀನೇ ಇಟ್ಕೋ,” ಎನ್ನುತ್ತಾಳೆ ಮೀನಿನವಳು. ಆದರೂ ಮುಚ್ಚಳ ತೆಗೆದು ಮೂಸಿ ನೋಡುತ್ತಾಳೆ. “ಅಯ್ಯೋ, ಮೀನಿನ ವಾಸನೇನೂ ಇಲ್ವಲ್ಲೇ.”

“ನಾನು ತೊಳೆದ್ರೆ ಯಾರ ಗುರುತೂ ಉಳಿಯಲ್ಲ ಅಮ್ಮಾ.”