ಲೈಬ್ರರಿ ಬಾಗಿಲ ಚಿಲಕ

ನಮ್ಮ ಮನೆಯಲ್ಲಿ ಮುಂದೆ ಆಗಬೇಕಾದ ಕೆಲಸದ ಬಗ್ಗೆ ಮೊದಲೇ ಬಾಯಿ ಬಿಡುವಂತಿರಲಿಲ್ಲ. ಫಸ್ಟ್ ಕ್ಲಾಸ್ ಬಂದೇ ಬರುತ್ತೆ ಅಂದರೆ ಸಾಕು, ಅಮ್ಮ "ಸುಮ್ಕಿರೇ, ದೃಷ್ಟಿ ಆಗ್ತದೆ" ಎಂದು ಗದರುತ್ತಿದ್ದಳು. ಕುಣಿಗಲ್ಲಿನ ನಮ್ಮ ಬೀದಿಯಲ್ಲಿ ಮದುವೆಯ ಮಾತುಕತೆಯನ್ನೂ ಲಗ್ನಪತ್ರಿಕೆ ಅಚ್ಚಾಗುವ ತನಕ ಮುಚ್ಚಿಡುತ್ತಿದ್ದರು. ಹೀಗೆ ಬೆಳೆದ ನಾನು ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಂದು ಕಾಲೇಜಿಗೆ ಇಂಗ್ಲೀಷ್ ಲೆಕ್ಚರರ್ ಆಗಿ ಸೇರಿದೆ. ಐಚ್ಛಿಕ ಇಂಗ್ಲೀಷ್ ತೆಗೆದುಕೊಂಡ ಹದಿನಾಲ್ಕು ಮಕ್ಕಳಿಗೆ ಆ ಭಾಷೆಯ ಅತಿ ಹಳೆಯ ವೀರಕಾವ್ಯದ ಬಗ್ಗೆ ನೋಟ್ಸ್ ಬರೆಸುವಾಗ ಒಂದು ಎಡವಟ್ಟು ಮಾಡಿದೆ.

ಕಾವ್ಯದ ಕಥೆ ಇಷ್ಟೇ. ಒಬ್ಬ ತರುಣ ಸಮುದ್ರ ದಾಟಿ ಬಂದು, ಬೇರೆ ರಾಜನ ಅರಮನೆಗೆ ನುಗ್ಗಿ ಜನರನ್ನು ತಿನ್ನುತ್ತಿದ್ದ ರಾಕ್ಷಸನನ್ನು ಬರಿಗೈಯಲ್ಲಿ ಮುಗಿಸುತ್ತಾನೆ. ಮಗನ ಸೇಡಿಗೆಂದು ಬಂದ ತಾಯಿ ರಾಕ್ಷಸಿಯನ್ನೂ ಮುಗಿಸುತ್ತಾನೆ. ಮುಂದೆ ತನ್ನ ನಾಡಿಗೆ ರಾಜನಾಗಿ, ತಲೆ ನರೆತ ಮೇಲೆ, ಬೆಂಕಿ ಉಗುಳುವ ಘಟಸರ್ಪದ ಎದುರು ನಿಲ್ಲುತ್ತಾನೆ. ಜೊತೆಯಲ್ಲಿ ಬಂದವರೆಲ್ಲ ಕಾಡಿಗೆ ಓಡುತ್ತಾರೆ, ಒಬ್ಬನೇ ಒಬ್ಬ ಉಳಿಯುತ್ತಾನೆ. ಸರ್ಪ ಸಾಯುತ್ತದೆ, ರಾಜನೂ ಸಾಯುತ್ತಾನೆ.

ಈ ನಾಯಕನಿಗೆ ಒಂದು ಅಭ್ಯಾಸ. ಹೋರಾಟಕ್ಕೆ ಹೋಗುವ ಮುಂಚೆ ತುಂಬಿದ ಸಭೆಯಲ್ಲಿ ಎದ್ದು ನಿಂತು, ತಾನು ಏನು ಮಾಡಲಿದ್ದೇನೆಂದು ಸಾರುತ್ತಾನೆ. ನಾನು ಅದನ್ನು ನಾಯಕನ ದೋಷವೆಂದು, ಜಂಬವೆಂದು ಬರೆಸಿದೆ. ಕಿರುಪರೀಕ್ಷೆಯಲ್ಲಿ ಹದಿನಾಲ್ಕೂ ಜನ ಅದನ್ನೇ ಒಪ್ಪಿಸಿದರು. ಕೊತ್ತಗೆರೆ ಕಡೆಯ ಒಬ್ಬನಂತೂ, ಹೀಗೆ ಜಂಬ ಕೊಚ್ಚಿಕೊಂಡು ಜನರ ದೃಷ್ಟಿ ತಗಲಿದ್ದರಿಂದಲೇ ನಾಯಕ ಸತ್ತನೆಂದು ಬರೆದಿದ್ದ. ನನಗೆ ಅದು ತೀರಾ ಸರಿಯಾಗಿ ಕಂಡು, ಹತ್ತಕ್ಕೆ ಏಳು ಕೊಟ್ಟಿದ್ದೆ.

ಆ ಉತ್ತರಪತ್ರಿಕೆ ನಮ್ಮ ವಿಭಾಗದ ಮುಖ್ಯಸ್ಥರ ಕೈಗೆ ಸಿಕ್ಕಿತು. ನಾನು ಬಿಎ ಓದುವಾಗ ನನಗೂ ಪಾಠ ಹೇಳಿದ ಮೇಷ್ಟ್ರು ಅವರು. ದಿನಾ ಗುಬ್ಬಿಯಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದರು, ಸಣಕಲು ಮೈ, ದಪ್ಪ ಕನ್ನಡಕ. ಓದಿ, ಕುಡಿಯುತ್ತಿದ್ದ ಟೀ ಮೂಗಿಗೆ ಹತ್ತುವಷ್ಟು ನಕ್ಕರು.

"ಇದು ಜಂಬ ಅಲ್ಲ ಕಣಮ್ಮ," ಅಂದರು ಕೆಮ್ಮು ನಿಂತ ಮೇಲೆ. "ಅವನಿಗೂ ಭಯ ಇರ್ತದೆ. ನಾಕು ಜನದ ಮುಂದೆ ಹೇಳ್ಬಿಟ್ರೆ ಆಮೇಲೆ ಹಿಂದಕ್ಕೆ ಬರೋಕೆ ಆಗಲ್ಲ. ತನ್ನನ್ನ ತಾನೇ ಕಟ್ಟಿಹಾಕ್ಕೊಳ್ತಾನೆ."

ನಾನು ಸುಲಭಕ್ಕೆ ಸೋಲುವವಳಲ್ಲ. ಸರಿ, ಅದು ಹಾಗೇ ಇರಲಿ, ಆದರೆ ಕೊನೆಯ ಯುದ್ಧಕ್ಕೆ ಆ ಮುದುಕ ಒಬ್ಬನೇ ಹೋಗಿದ್ದು ಹುಚ್ಚುತನವಲ್ಲವೇ, ರಾಜ ಸತ್ತರೆ ಪ್ರಜೆಗಳ ಗತಿಯೇನು, ಅದು ಹೆಸರಿನ ಆಸೆಯಷ್ಟೇ ಎಂದು ವಾದಿಸಿದೆ.

"ಸರ್ಪ ಮುಂದೆ, ಊರು ಅವನ ಬೆನ್ನ ಹಿಂದೆ ಇತ್ತಲ್ಲಮ್ಮ," ಅಂದರು. ಅಷ್ಟೇ. ಅವರಿಗೆ ರೈಲಿನ ಹೊತ್ತಾಗಿತ್ತು.

ಎರಡು ವರ್ಷದ ನಂತರ ಪದವಿ ಪರೀಕ್ಷೆಗೆ ಅವರನ್ನೇ ಮೇಲ್ವಿಚಾರಕರನ್ನಾಗಿ ಮಾಡಿದರು. ಹಿಂದಿನ ವರ್ಷ ನಮ್ಮ ಕಾಲೇಜಿನಲ್ಲಿ ಕಾಪಿ ಎಷ್ಟು ನಡೆದಿತ್ತೆಂದರೆ ಕಿಟಕಿಯಿಂದ ಚೀಟಿಗಳು ಕಡಲೆಪುರಿಯ ಹಾಗೆ ಒಳಗೆ ಬಿದ್ದಿದ್ದವು. ಪರೀಕ್ಷೆಯ ಹಿಂದಿನ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿದೆವು. ಕಾಫಿ ಬಂತು, ವಡೆ ಬಂತು, ಪೌರುಷವೂ ಬಂತು. ಫಿಸಿಕ್ಸಿನವರು ತಮ್ಮ ಹೆಣ ದಾಟಿಕೊಂಡೇ ಚೀಟಿ ಒಳಗೆ ಹೋಗಬೇಕು ಅಂದರು. ಹಿಸ್ಟರಿಯವರು ಟೇಬಲ್ ಗುದ್ದಿದರು. ಸ್ಟಾಫಿನಲ್ಲಿ ನಾನೊಬ್ಬಳೇ ಹೆಂಗಸು. ಅದಕ್ಕೇ ಇರಬೇಕು, ಎಲ್ಲರಿಗಿಂತ ಗಟ್ಟಿಯಾಗಿ ಎದ್ದು ನಿಂತು, ಏನೇ ಆಗಲಿ ಸರ್ ಪಕ್ಕ ಬಿಟ್ಟು ಕದಲುವುದಿಲ್ಲ ಎಂದು ಸಾರಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಮಾತ್ರ ತಟ್ಟಲಿಲ್ಲ, ನನ್ನನ್ನು ನೋಡಿ ಸಣ್ಣಗೆ ನಕ್ಕರು. ಮುಂದಿನದನ್ನು ಮೊದಲೇ ಬಾಯಿ ಬಿಟ್ಟೆನಲ್ಲ ಎಂದು ಅಮ್ಮನ ನೆನಪಾಯಿತು.

ಮೂರನೆಯ ದಿನ ನನ್ನ ರೂಮಿನಲ್ಲೇ ಒಬ್ಬ ಸಿಕ್ಕಿಬಿದ್ದ. ಅಂಗಿಯ ತೋಳಿನೊಳಗೆ ಚೀಟಿ. ನಾನು ಆ ಚೀಟಿಯನ್ನು ಅವನ ಉತ್ತರಪತ್ರಿಕೆಗೆ ಪಿನ್ ಮಾಡಿ, ಸಹಿ ಹಾಕಿ, ಸರ್ ಕೈಗೆ ಒಪ್ಪಿಸಿ, ಅವನನ್ನು ಹೊರಗೆ ಕಳಿಸಿದೆ. ಆಗ ನನ್ನ ಖುಷಿ ಹೇಳತೀರದು. ಅವನ ಚಿಕ್ಕಪ್ಪ ಊರಿನ ಪುಢಾರಿ ಎಂದು ಯಾರೋ ಪಿಸುಗುಟ್ಟಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪರೀಕ್ಷೆ ಮುಗಿದು ಮಕ್ಕಳು ಹೋದ ಮೇಲೆ ಇಪ್ಪತ್ತು ಜನ ಗೇಟು ತಳ್ಳಿಕೊಂಡು ಬಂದರು. ಕೈಯಲ್ಲಿ ಸೈಕಲ್ ಚೈನು, ಹಾಕಿ ಸ್ಟಿಕ್ಕು. ಅವರಿಗೆ ಬೇಕಾಗಿದ್ದುದು ನಾನು ಸಹಿ ಹಾಕಿದ ಆ ಪತ್ರಿಕೆ. ಹೆಣ ದಾಟಿಕೊಂಡು ಹೋಗಬೇಕೆಂದವರು ಕಾಂಪೌಂಡನ್ನೇ ದಾಟಿದರು. ಟೇಬಲ್ ಗುದ್ದಿದವರು ಎಲ್ಲಿ ಹೋದರೋ ಕಾಣಲಿಲ್ಲ. ಸರ್ ಪತ್ರಿಕೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಉದ್ದನೆಯ ಕಾರಿಡಾರಿನಲ್ಲಿ ಬರುತ್ತಿದ್ದರು. "ಯಾರಾದ್ರೂ ಬನ್ರಪ್ಪ ಈ ಕಡೆ," ಎಂದು ಕೂಗಿದರು.

ನಾನು ಲೈಬ್ರರಿಯ ಬಾಗಿಲಲ್ಲಿದ್ದೆ. ಹತ್ತು ಹೆಜ್ಜೆ ಹಾಕಿದ್ದರೆ ಅವರ ಪಕ್ಕದಲ್ಲಿರುತ್ತಿದ್ದೆ. ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಹೊರಗೆ ಕೂಗಾಟ, ಬಾಗಿಲಿಗೆ ಏನೋ ಬಂದು ಬಡಿದ ಸದ್ದು, ಮತ್ತೆ ಬಡಿತ. ಬೀರುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದೆ. ಪೊಲೀಸರು ಬಂದ ಮೇಲೆ ಚಿಲಕ ತೆಗೆದರೆ ಸರ್ ಬಾಗಿಲ ಹೊರಗೇ ನೆಲದ ಮೇಲೆ ಕೂತಿದ್ದರು. ಕನ್ನಡಕ ಒಡೆದಿತ್ತು, ಎಡಗೈ ಮಣಿಕಟ್ಟು ಮುರಿದಿತ್ತು. ಪತ್ರಿಕೆ ಅಂಗಿಯೊಳಗೇ ಇತ್ತು, ನನ್ನ ಸಹಿಯ ಸಮೇತ.

ಆಮೇಲೆ ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು. "ನೀವು ಹೆಂಗಸ್ರು ಮೇಡಂ, ನೀವು ಮಾಡಿದ್ದೇ ಸರಿ ಬಿಡಿ," ಅಂದರು ಫಿಸಿಕ್ಸಿನವರು. ಅವರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಓಡಿದ ಗಂಡಸರಿಗೆ ನಾಚಿಕೆಯಾದರೂ ಸಿಕ್ಕಿತು, ನನಗೆ ಅದೂ ಸಿಗದ ಹಾಗೆ ರಿಯಾಯಿತಿ ಕೊಟ್ಟುಬಿಟ್ಟರು. ಸಭೆಯಲ್ಲಿ ಎದ್ದು ನಿಂತಾಗ ನಾನು ಹೆಂಗಸೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲವಲ್ಲ!

ಮರುವರ್ಷ ಸರ್ ರಿಟೈರ್ ಆದರು. ಆ ಕಾವ್ಯ ಪೂರ್ತಿ ನನ್ನ ಪಾಲಿಗೆ ಬಂತು. ಸಭೆಯಲ್ಲಿ ಸಾರುವುದು ಜಂಬವಲ್ಲವೆಂದು ನೋಟ್ಸ್ ತಿದ್ದಿ ಬರೆಸಿದೆ. ಆದರೆ ಜೊತೆಗಾರರು ಕಾಡಿಗೆ ಓಡುವ ಭಾಗ ಬಂದಾಗಲೆಲ್ಲ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ಗಡಿಬಿಡಿಯಲ್ಲಿ ಮುಗಿಸುತ್ತಿದ್ದೆ. ಒಮ್ಮೆ ಒಬ್ಬಳು ಹುಡುಗಿ ಕೇಳಿದಳು: "ಓಡಿಹೋದೋರು ಆಮೇಲೆ ಏನಾದ್ರು ಮ್ಯಾಮ್?" ಆ ಪ್ರಶ್ನೆ ಪರೀಕ್ಷೆಗೆ ಬರಲ್ಲ ಎಂದು ಕೂರಿಸಿದೆ. ಓಡಿಹೋದವರು ಬಸ್ಸಿನಲ್ಲಿ ಕುಣಿಗಲ್ಲಿಗೂ ತುಮಕೂರಿಗೂ ಓಡಾಡಿಕೊಂಡು, ಸಂಬಳ ತೆಗೆದುಕೊಂಡು ಇರುತ್ತಾರಮ್ಮ ಎಂದು ಹೇಗೆ ಹೇಳಲಿ?

ಸರ್‌ಗೆ ನಿಜ ಹೇಳಬೇಕಿತ್ತು. ನಾನು ಹತ್ತೇ ಹೆಜ್ಜೆ ದೂರದಲ್ಲಿದ್ದೆ, ನಿಮ್ಮ ಕೂಗು ಕೇಳಿಯೂ ಚಿಲಕ ಹಾಕಿದೆ ಎಂದು ನನ್ನ ಬಾಯಿಂದಲೇ ಹೇಳಬೇಕಿತ್ತು. ಎರಡು ಸಲ ಗುಬ್ಬಿಯ ಬಸ್ ಹತ್ತಿದೆ. ಒಂದು ಸಲ ನಿಟ್ಟೂರಿನ ಟಿಕೆಟ್ ತೆಗೆದುಕೊಂಡು ಮುಂದಕ್ಕೆ ಹೋಗಿಬಿಟ್ಟೆ. ಇನ್ನೊಂದು ಸಲ ಗುಬ್ಬಿಯಲ್ಲಿ ಇಳಿದು, ಸ್ಟಾಂಡಿನಲ್ಲೇ ಒಂದು ಸೋಡಾ ಕುಡಿದು, ಬಂದ ಬಸ್ಸಿಗೇ ವಾಪಸ್ ಹತ್ತಿದೆ. ಹೀಗೇ ಐದು ವರ್ಷ ಕಳೆಯಿತು.

ಮೂರನೆಯ ಸಲ ಹೋದದ್ದು ಒಂದು ಭಾನುವಾರ ಬೆಳಿಗ್ಗೆ. ಸರ್ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಎಡಗೈ ಪೂರ್ತಿ ಮಡಚಲು ಬರದೆ ಪೇಪರಿನ ಆ ಬದಿ ಜೋತುಬಿದ್ದಿತ್ತು. ಅವರ ಹೆಂಡತಿ ಕಾಫಿ ತಂದುಕೊಟ್ಟು ಒಳಗೆ ಹೋದರು. ಲೋಟವನ್ನು ಮುಟ್ಟುವ ಮೊದಲೇ ಹೇಳಿಬಿಟ್ಟೆ. ಎಲ್ಲವನ್ನೂ, ಒಂದೇ ಉಸಿರಿನಲ್ಲಿ.

ಅವರು ಪೇಪರ್ ಮಡಚಿಟ್ಟರು.

"ಗೊತ್ತು ಕಣಮ್ಮ. ಚಿಲಕದ ಸದ್ದು ಕೇಳಿಸ್ತು. ಬಳೆ ಸದ್ದೂ ಕೇಳಿಸ್ತು."

ನಾನು ಬಳೆಯ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ಒಂದ್ ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡ," ಅಂದರು ದನಿ ತಗ್ಗಿಸಿ, ಒಳಗಿದ್ದ ಹೆಂಡತಿಗೂ ಕೇಳಿಸದ ಹಾಗೆ. "ಕಾರಿಡಾರಿನ ಕೊನೇಲಿ ಹಿಂದಿನ ಬಾಗ್ಲು ತೆಗ್ದೇ ಇತ್ತು. ನಾನು ಅಲ್ಲಿಗೇ ಓಡ್ತಿದ್ದೆ. ನೀನು ಚಿಲಕ ಹಾಕಿದ್ದು ಕೇಳಿಸ್ತಲ್ಲ, ನಿನ್ನನ್ನ ಒಳಗೆ ಬಿಟ್ಟು ಹೆಂಗಮ್ಮ ಹೋಗ್ಲಿ? ಬಾಗ್ಲಿಗೆ ಬೆನ್ನು ಕೊಟ್ಟು ನಿಂತ್ಕಂಡೆ."

ಆಮೇಲೆ ನನ್ನ ಕಡೆ ಲೋಟ ಸರಿಸಿ, ಕಾಫಿ ಆರಿಹೋಗ್ತದೆ ಕುಡಿ ಅಂದರು.